ನಿರ್ಧಾರ ಉಪಕರಣದ್ದಿರಲಿ, ಪಟ್ಟಿ ನಮ್ಮ ಕೈಗೆ ಬರಲಿ

ಮದುವೆಯ ಅಡುಗೆ ವಹಿಸಲು ಹೋದರೆ ಭಟ್ಟರು ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಎಲೆ? ಮುನ್ನೂರು ಎಂದರೆ ಸಾಕು. ಅಕ್ಕಿ ಎಷ್ಟು, ಬೇಳೆ ಎಷ್ಟು, ತೆಂಗಿನಕಾಯಿ ಎಷ್ಟು ಎಂಬ ಲೆಕ್ಕ ಅವರದು. ಸಾರಿಗೆ ಉಪ್ಪು ಎಷ್ಟು ಹಾಕಲಿ ಎಂದು ನಮ್ಮನ್ನೇ ಕೇಳುತ್ತ ಕೂತರೆ ಅವರನ್ನು ಕರೆಸಿದ್ದೇ ದಂಡ. ಆದರೆ ಲೆಕ್ಕ ಮುಗಿದ ಮೇಲೆ ಅವರು ಸಾಮಾನಿನ ಪಟ್ಟಿ ಬರೆದು ಕೈಗಿಡುತ್ತಾರೆ. ಮನೆಯ ಹಿರಿಯರು ಕನ್ನಡಕ ಏರಿಸಿ ಓದಿ, ‘ಭಟ್ಟರೇ, ಬೀಗರ ಕಡೆಯವರಿಗೆ ಖಾರ ಆಗುವುದಿಲ್ಲ, ಮೆಣಸಿನಕಾಯಿ ಸ್ವಲ್ಪ ಕಡಿಮೆ ಮಾಡಿ’ ಎನ್ನುತ್ತಾರೆ.

ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತ ಬಹಳ ವರ್ಷ ಕಳೆದ ಮೇಲೆ ನನಗೆ ಈ ಪಟ್ಟಿಯ ಬೆಲೆ ತಿಳಿದಿದೆ. ನಾವು ಪ್ರೋಗ್ರಾಮರ್‌ಗಳು ದಿನವೂ ಬಳಸುವ ಉಪಕರಣಗಳ ಬಗ್ಗೆ ಒಂದು ಹಳೆಯ ಜಗಳವಿದೆ. ಎಲ್ಲವನ್ನೂ ಉಪಕರಣವೇ ಹೊಂದಿಸಿಕೊಳ್ಳಲಿ ಎಂದು ಒಂದು ಪಕ್ಷ. ಪ್ರತಿಯೊಂದು ಸೆಟ್ಟಿಂಗೂ ನನ್ನ ಕೈಯಲ್ಲಿರಲಿ ಎಂದು ಇನ್ನೊಂದು. ಎರಡೂ ಪಕ್ಷದವರು ಪಟ್ಟಿಯ ಮಾತನ್ನೇ ಎತ್ತುವುದಿಲ್ಲ ಎಂಬುದು ನನ್ನ ದೂರು.

ಮೊದಲ ಪಕ್ಷಕ್ಕೆ ಸಲ್ಲಬೇಕಾದ್ದು ಸಲ್ಲಲಿ. 2009ರಲ್ಲಿ ಗೋ ಭಾಷೆ ಹೊರಬಂದಾಗ ಅದರ ಜೊತೆಗೇ ಗೋಫಮ್ಟ್ ಬಂತು. ಬರೆದ ಕೋಡನ್ನು ಒಂದೇ ಶೈಲಿಗೆ ತಂದು ಜೋಡಿಸುವ ಉಪಕರಣ ಅದು. ಶೈಲಿ ಬದಲಿಸುವ ಆಯ್ಕೆಯನ್ನು ಅದು ಕೊಡುವುದೇ ಇಲ್ಲ. ಮೊದಮೊದಲು ನನಗೆ ಇದು ದರ್ಪ ಅನ್ನಿಸಿತ್ತು. ಆಮೇಲೆ ನಮ್ಮ ತಂಡದ ಕೋಡ್ ರಿವ್ಯೂಗಳಲ್ಲಿ ಆವರಣ ಚಿಹ್ನೆ ಯಾವ ಸಾಲಿನಲ್ಲಿರಬೇಕು ಎಂಬ ವಾದಗಳು ನಿಂತೇ ಹೋದವು. ಮುಂದೆ ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್, ಪೈಥಾನ್‌ಗೆ ಬ್ಲ್ಯಾಕ್ ಹೆಚ್ಚುಕಡಿಮೆ ಇದೇ ದಾರಿ ಹಿಡಿದವು. ಯಾರು ನಿರ್ಧರಿಸಿದರೂ ಪ್ರೋಗ್ರಾಂ ಓಡುವ ರೀತಿ ಬದಲಾಗದ ಕಡೆ, ಉಪಕರಣ ತಾನೇ ನಿರ್ಧರಿಸಿಬಿಡುವುದು ಉಪಕಾರ.

ಆಯ್ಕೆಗಳು ಪುಕ್ಕಟೆಯೂ ಅಲ್ಲ. ಹೌದು-ಇಲ್ಲ ಎನ್ನುವ ಹತ್ತು ಸೆಟ್ಟಿಂಗ್ ಇಟ್ಟರೆ 1,024 ಜೋಡಣೆಗಳಾಗುತ್ತವೆ, ಅವನ್ನೆಲ್ಲ ಯಾರೂ ಪರೀಕ್ಷಿಸುವುದಿಲ್ಲ. ಒಮ್ಮೆ ಬರೆದ ಸೆಟ್ಟಿಂಗ್ ಪಿತ್ರಾರ್ಜಿತ ಆಸ್ತಿಯಂತೆ ಪ್ರಾಜೆಕ್ಟಿನಿಂದ ಪ್ರಾಜೆಕ್ಟಿಗೆ ಸಾಗುತ್ತದೆ. ಜಾವಾದ ಮ್ಯಾಕ್ಸ್‌ಪರ್ಮ್‌ಸೈಜ್ ಎಂಬ ಸೆಟ್ಟಿಂಗ್ 2014ರ ಜಾವಾ 8ರಲ್ಲೇ ಅರ್ಥ ಕಳೆದುಕೊಂಡಿತು. ‘ಇದನ್ನು ಕಡೆಗಣಿಸುತ್ತಿದ್ದೇನೆ’ ಎಂದು ಜಾವಾ ಎಚ್ಚರಿಸುತ್ತಿದ್ದರೂ ಎಷ್ಟೋ ವರ್ಷ ಜನ ಅದನ್ನು ನಕಲು ಮಾಡುತ್ತಲೇ ಬಂದರು. ಏಕೆ ಇದೆ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಮೊದಲಿನಿಂದಲೂ ಇತ್ತು.

ಹಾಗಾದರೆ ಎಲ್ಲವನ್ನೂ ಉಪಕರಣಕ್ಕೇ ಬಿಡೋಣವೇ? ಇಲ್ಲಿಯೂ ಜಾವಾದ್ದೇ ಒಂದು ಕತೆಯಿದೆ. ಎಷ್ಟು ಮೆಮೊರಿ ಬಳಸಬಹುದೆಂದು ನಾವು ಹೇಳದಿದ್ದರೆ ಜಾವಾ ತಾನೇ ಯಂತ್ರವನ್ನು ನೋಡಿ, ಇರುವ ಮೆಮೊರಿಯ ಕಾಲು ಭಾಗವನ್ನು ಹೀಪ್‌ನ ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಒಂದು ಯಂತ್ರದಲ್ಲಿ ಒಂದೇ ದೊಡ್ಡ ಪ್ರೋಗ್ರಾಂ ಓಡುತ್ತಿದ್ದ ಕಾಲಕ್ಕೆ ಇದು ಸರಿಯಾದ ಅಂದಾಜು. ಆಮೇಲೆ ಕಂಟೇನರ್‌ಗಳು ಬಂದವು. 64 ಜಿಬಿಯ ಯಂತ್ರದಲ್ಲಿ ನಮ್ಮ ಪ್ರೋಗ್ರಾಮಿಗೆ ಕೊಟ್ಟದ್ದು 2 ಜಿಬಿ. ಜಾವಾ ಮಾತ್ರ ಕಂಟೇನರಿನ ಮಿತಿಯನ್ನು ನೋಡದೆ ಇಡೀ ಯಂತ್ರವನ್ನು ನೋಡಿ 16 ಜಿಬಿ ತನ್ನದೆಂದುಕೊಂಡಿತು. ನೂರು ಎಲೆಯ ಊಟಕ್ಕೆ ಬಂದ ಭಟ್ಟರು ಕಲ್ಯಾಣಮಂಟಪದ ವಿಸ್ತಾರ ನೋಡಿ ಸಾವಿರ ಎಲೆಗೆ ಅಕ್ಕಿ ನೆನೆಹಾಕಿದಂತೆ.

ಮೆಮೊರಿ 2 ಜಿಬಿ ದಾಟಿದ ಕೂಡಲೇ ಲಿನಕ್ಸ್ ಕರ್ನಲ್ ಪ್ರೋಗ್ರಾಮನ್ನು ಕೊಂದುಹಾಕುತ್ತಿತ್ತು. ಕೊಲ್ಲುವುದು ಕರ್ನಲ್ ಆದ್ದರಿಂದ ಜಾವಾದ ಲಾಗ್‌ನಲ್ಲಿ ಒಂದು ಸಾಲೂ ಇರುತ್ತಿರಲಿಲ್ಲ, ಉಳಿಯುವ ಸುಳಿವು 137 ಎಂಬ ಒಂದು ಸಂಖ್ಯೆ ಮಾತ್ರ. ಆ ದಿನಗಳಲ್ಲಿ ರಾತ್ರಿ ಪಾಳಿಯಲ್ಲಿದ್ದವರಿಗೆ ಈ ಸಂಖ್ಯೆ ಇಂದಿಗೂ ಮರೆತಿರಲಿಕ್ಕಿಲ್ಲ. ನಮ್ಮ ತಂಡಕ್ಕೆ ಆಗಷ್ಟೇ ಸೇರಿದ್ದ ಹುಡುಗಿಯೊಬ್ಬಳು ತನ್ನ ಕೋಡಿನಲ್ಲೇ ಎಲ್ಲೋ ಮೆಮೊರಿ ಸೋರುತ್ತಿದೆ ಎಂದು ಎರಡು ದಿನ ಹುಡುಕಿದಳು. ‘ಸರ್, ತಪ್ಪು ನನ್ನದೇ ಇರಬೇಕು’ ಎಂದಳು. ಅವಳ ಕೋಡಿನಲ್ಲಿ ತಪ್ಪೇನೂ ಇರಲಿಲ್ಲ.

2018ರ ಮಾರ್ಚಿನಲ್ಲಿ ಬಂದ ಜಾವಾ 10 ಕಂಟೇನರಿನ ಮಿತಿಯನ್ನು ನೋಡಲು ಕಲಿಯಿತು. ಅದೇ ವರ್ಷ ಜಾವಾ 8ಕ್ಕೂ ಆ ತಿದ್ದುಪಡಿ ಬಂತು. ಕತೆ ಅಲ್ಲಿಗೆ ಮುಗಿಯಲಿಲ್ಲ. ಈಗ 2 ಜಿಬಿ ಕಂಡರೆ ಅದು 512 ಎಂಬಿಗೆ ನಿಲ್ಲುತ್ತದೆ. ಕಂಟೇನರಿನಲ್ಲಿ ತಾನೊಬ್ಬನೇ ಇರುವುದು, ಉಳಿದದ್ದರಲ್ಲಿ ಬಹುಪಾಲು ಸುಮ್ಮನೆ ಬಿದ್ದಿರುವುದು ಅದಕ್ಕೆ ಹೇಗೆ ತಿಳಿಯಬೇಕು? ಎಷ್ಟು ಮೆಮೊರಿ ಇದೆ ಎಂಬುದನ್ನು ಉಪಕರಣ ಅಳೆಯಬಲ್ಲದು. ಆ ಮೆಮೊರಿ ಏತಕ್ಕಾಗಿ ಎಂಬುದು ನಮಗಷ್ಟೇ ಗೊತ್ತು. ಬೀಗರಿಗೆ ಖಾರ ಆಗದು ಎಂಬುದು ಯಾವ ಭಟ್ಟರಿಗೂ ತಾನಾಗಿ ತಿಳಿಯುವುದಿಲ್ಲ.

ಆದ್ದರಿಂದ ನನ್ನ ವಾದ ಇಷ್ಟು. ಫಲ ಬದಲಾಗದ ಕಡೆ ಉಪಕರಣ ಆಯ್ಕೆಯನ್ನೇ ಕೊಡದಿರಲಿ. ಅಳೆಯಲು ಬರುವ ಕಡೆ ತಾನೇ ಅಳೆಯಲಿ. ನಮ್ಮ ಉದ್ದೇಶ ತಿಳಿಯದೆ ನಿರ್ಧರಿಸಲಾಗದ ಕಡೆ ಒಂದೆರಡು ಸೆಟ್ಟಿಂಗ್ ನಮಗೆ ಬಿಡಲಿ. ಆದರೆ ತಾನಾಗಿ ನಿರ್ಧರಿಸಿದ್ದನ್ನೆಲ್ಲ ಕಾರಣ ಸಮೇತ ಹೇಳಲಿ. ‘64 ಜಿಬಿ ಕಂಡಿತು, ಹೀಪ್ ಮಿತಿ 16 ಜಿಬಿ’ ಎಂಬ ಒಂದೇ ಸಾಲು ಲಾಗ್‌ನ ಮೊದಲಿಗೆ ಬಿದ್ದಿದ್ದರೆ ಆ ಹುಡುಗಿಯ ಎರಡು ದಿನ ಉಳಿಯುತ್ತಿತ್ತು.

ಇದು ಆಗದ ಹೋಗದ ಬೇಡಿಕೆಯೇನಲ್ಲ. ಯಾವ ಸೆಟ್ಟಿಂಗ್ ಯಾವ ಫೈಲಿನಿಂದ ಬಂತು ಎಂಬುದನ್ನು ಗಿಟ್ 2016ರಿಂದ ತೋರಿಸುತ್ತದೆ. ಶೋ-ಆರಿಜಿನ್ ಎಂದು ಕೇಳಿದರೆ ಸಾಕು. ಜಾವಾದಲ್ಲೂ ಪ್ರಿಂಟ್‌ಫ್ಲ್ಯಾಗ್ಸ್‌ಫೈನಲ್ ಎಂಬುದಿದೆ. ಪ್ರತಿ ಬೆಲೆಯ ಪಕ್ಕದಲ್ಲಿ ಅದು ಡೀಫಾಲ್ಟೇ, ನೀವು ಕೊಟ್ಟದ್ದೇ, ಯಂತ್ರ ನೋಡಿ ತಾನೇ ಲೆಕ್ಕ ಹಾಕಿದ್ದೇ ಎಂದು ಈಗಿನ ಆವೃತ್ತಿಗಳು ಬರೆಯುತ್ತವೆ. ಕೊರತೆ ಒಂದೇ: ಕೇಳಬೇಕೆಂದು ಗೊತ್ತಿದ್ದವರಿಗೆ ಮಾತ್ರ ಅದು ಹೇಳುತ್ತದೆ. ಗೊತ್ತಿಲ್ಲದವರೇ ಹೆಚ್ಚು ಕಷ್ಟಪಡುವವರು.

‘ಆ ಸಾಲುಗಳನ್ನೆಲ್ಲ ಯಾರು ಓದುತ್ತಾರೆ?’ ಎಂದು ನನ್ನ ಸಹೋದ್ಯೋಗಿಗಳು ಕೇಳುತ್ತಾರೆ. ದಿನವೂ ಯಾರೂ ಓದುವುದಿಲ್ಲ, ನಿಜ. ಭಟ್ಟರ ಪಟ್ಟಿಯನ್ನೂ ಮದುವೆ ಸುಸೂತ್ರವಾಗಿ ಮುಗಿದರೆ ಯಾರೂ ಮತ್ತೆ ತೆಗೆದು ನೋಡುವುದಿಲ್ಲ. ಮೂರನೇ ಪಂಕ್ತಿಗೆ ಅನ್ನ ಸಾಲದೆ ಹೋದಾಗ ಮಾತ್ರ ಎಲ್ಲರೂ ಅದನ್ನೇ ಹುಡುಕುತ್ತಾರೆ. ಆಗ ಪಟ್ಟಿ ಸಿಗದಿದ್ದರೆ ಬೈಸಿಕೊಳ್ಳುವವನು ಬಡಿಸುವ ಹುಡುಗ.