ಕೈ ಎಲ್ಲಿಡುವುದು?

ಬಯಲಿನಲ್ಲಿ ಕ್ಯಾಮೆರಾ ಎದುರು ನಿಂತವರು ಮೊದಲು ಕೇಳುವುದು ಇದನ್ನೇ: ಕೈ ಎಲ್ಲಿಡಲಿ? ಅದುವರೆಗೆ ತಮ್ಮ ಪಾಡಿಗಿದ್ದ ಎರಡು ಕೈಗಳು ಆ ಗಳಿಗೆಯಲ್ಲಿ ಬೇರೆ ಯಾರವೋ ಆಗಿಬಿಡುತ್ತವೆ. ಛಾಯಾಗ್ರಾಹಕನ ಬಳಿ ಸಿದ್ಧ ಉತ್ತರಗಳಿರುತ್ತವೆ. ಒಂದು ಜೇಬಿಗೆ, ಇನ್ನೊಂದು ಸೊಂಟಕ್ಕೆ; ಇಲ್ಲವೇ ಕೂದಲು ಸರಿಮಾಡಿಕೊಳ್ಳುವ ನಟನೆ. ಮದುವೆಗೆ ಮುಂಚಿನ ಫೋಟೊಶೂಟ್‌ಗೆ ಬಂದ ಜೋಡಿಯ ಮೊಬೈಲಿನಲ್ಲಂತೂ ಬೇರೆ ಜೋಡಿಗಳ ಭಂಗಿಗಳು ಮೊದಲೇ ತುಂಬಿರುತ್ತವೆ. ಅಷ್ಟನ್ನೂ ಅನುಕರಿಸಿದ ಮೇಲೆ ಕೊನೆಗೆ ಮನೆಯವರಿಗೆ ಇಷ್ಟವಾಗುವುದು ಎಷ್ಟೋ ಸಲ ಎರಡು ಭಂಗಿಗಳ ನಡುವೆ, ಯಾರೂ ಏನೂ ಹೇಳದಿದ್ದಾಗ ತೆಗೆದ ಚಿತ್ರ.

ಇದರಿಂದ ಭಂಗಿಯೇ ಸುಳ್ಳು, ಅರಿವಿಲ್ಲದೆ ಸೆರೆಸಿಕ್ಕ ಚಿತ್ರವೇ ಸತ್ಯ ಎಂಬ ತೀರ್ಮಾನಕ್ಕೆ ಬರುವವರು ಬಹಳ. ಅದು ಅವಸರದ ತೀರ್ಮಾನ. ಭಾವಚಿತ್ರದ ಚರಿತ್ರೆಯಲ್ಲಿ ಉಳಿದುಕೊಂಡ ಹೊರಾಂಗಣ ಚಿತ್ರಗಳಲ್ಲಿ ಬಹಳಷ್ಟು ನಿಲ್ಲಿಸಿ ತೆಗೆದವೇ. ಕೆಡುತ್ತಿರುವುದು ಬೇರೆ ಕಡೆ: ಭಂಗಿಯನ್ನು ಮೈಯ ಆಕಾರವೆಂದು ತಿಳಿದು, ಅದನ್ನು ಜಾಗಕ್ಕಿಂತ ಮೊದಲು ಯೋಚಿಸುವುದರಲ್ಲಿ.

ಜಾಗವನ್ನೇ ಮೊದಲು ಯೋಚಿಸಿದವರ ಹಳೆಯ ಉದಾಹರಣೆಯೊಂದಿದೆ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದು ನೂರಾರು ಪಾದ್ರಿಗಳು ಹೊರನಡೆದರು. ಆ ಘಟನೆಯನ್ನು ದೊಡ್ಡ ವರ್ಣಚಿತ್ರವಾಗಿಸಲು ಹೊರಟ ಕಲಾವಿದ ಡೇವಿಡ್ ಆಕ್ಟೇವಿಯಸ್ ಹಿಲ್‌ಗೆ ಅಷ್ಟೂ ಜನರ ಮುಖಗಳು ಬೇಕಾಗಿದ್ದವು. ಆತ ಇಪ್ಪತ್ತರ ಹರೆಯದ ಛಾಯಾಗ್ರಾಹಕ ರಾಬರ್ಟ್ ಆಡಮ್ಸನ್ ಜೊತೆ ಸೇರಿಕೊಂಡ. ಎಡಿನ್‌ಬರೋದ ಕಾಲ್ಟನ್ ಹಿಲ್‌ನಲ್ಲಿದ್ದ ರಾಕ್ ಹೌಸ್ ಎಂಬ ಮನೆಯ ಅಂಗಳವೇ ಅವರ ಸ್ಟುಡಿಯೊ. ಅವರ ಕ್ಯಾಲೊಟೈಪ್ ಚಿತ್ರಗಳಲ್ಲಿ ಓದುವ ಕೋಣೆಯಂತೆ ಕಾಣುವುದು ನಿಜಕ್ಕೂ ಆ ಅಂಗಳ. ಕುರ್ಚಿ, ಪರದೆ, ಪುಸ್ತಕಗಳನ್ನೆಲ್ಲ ಹೊರಗೆ ತಂದು ಜೋಡಿಸುತ್ತಿದ್ದರು. ಕಪ್ಪಗಾದ ನೆರಳಿನೊಳಕ್ಕೆ ಕನ್ನಡಿಯಿಂದ ಬೆಳಕು ಹಾಯಿಸುತ್ತಿದ್ದರು. ಕ್ಯಾಲೊಟೈಪ್‌ನ ಕಾಗದದ ನೆಗೆಟಿವ್ ಬೆಳಕನ್ನು ನಿಧಾನಕ್ಕೆ ಹೀರುತ್ತಿದ್ದುದರಿಂದ ಕೂತವರು ಅಲುಗಾಡುವಂತಿರಲಿಲ್ಲ. ಹಾಗಾಗಿ ಮೊಣಕೈಗೆ ಪುಸ್ತಕದ ರಾಶಿ, ಕೆನ್ನೆಗೆ ಅಂಗೈ, ಬೆನ್ನಿಗೆ ಗೋಡೆ. ಹತ್ತಿರದ ನ್ಯೂಹೇವನ್ ಎಂಬ ಮೀನುಗಾರರ ಊರಿನ ಹೆಂಗಸರನ್ನು ತೆಗೆಯುವಾಗ ಈ ವಿದ್ಯೆ ಇನ್ನೂ ಸೊಗಸಾಯಿತು. ಒಬ್ಬಳು ಇನ್ನೊಬ್ಬಳ ಭುಜಕ್ಕೆ ಒರಗುತ್ತಾಳೆ, ಮತ್ತೊಬ್ಬಳ ಕೈ ಮೀನಿನ ಬುಟ್ಟಿಯ ಮೇಲೆ. ಅಲುಗಾಡದಿರಲಿ ಎಂದು ಕೊಟ್ಟ ಆಸರೆ ಚಿತ್ರದಲ್ಲಿ ಗೆಳೆತನವಾಗಿ, ದುಡಿಮೆಯಾಗಿ ಕಾಣುತ್ತದೆ.

ಆಡಮ್ಸನ್ 1848ರಲ್ಲಿ, ಇನ್ನೂ ಇಪ್ಪತ್ತಾರರಲ್ಲೇ ತೀರಿಕೊಂಡ. ಹಿಲ್‌ನ ವರ್ಣಚಿತ್ರ ಮುಗಿದದ್ದು 1866ರಲ್ಲಿ. ಇಂದು ಆ ವರ್ಣಚಿತ್ರಕ್ಕಿಂತ ಅದಕ್ಕಾಗಿ ತೆಗೆದ ಫೋಟೊಗಳೇ ಹೆಚ್ಚು ಹೆಸರಾಗಿವೆ.

ಈಗಿನ ಕ್ಯಾಮೆರಾಗೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು, ಆಸರೆ ಬೇಕಿಲ್ಲ. ಆದರೆ ಮೈಗೆ ಬೇಕು. ಬೇಲಿ, ಬಾವಿಕಟ್ಟೆ, ಸೈಕಲ್ಲಿನ ಹ್ಯಾಂಡಲ್, ಕಂಕುಳಲ್ಲಿ ಮಗು, ಏನಾದರೊಂದು ಸಿಕ್ಕ ಕೂಡಲೇ ಭಾರ ಒಂದು ಕಾಲಿಗೆ ಇಳಿಯುತ್ತದೆ, ಸೊಂಟ ಒಂದು ಕಡೆ ವಾಲಿದರೆ ಭುಜ ಇನ್ನೊಂದು ಕಡೆ ವಾಲಿ ನಿಲುವು ತಾನಾಗಿ ಸಡಿಲವಾಗುತ್ತದೆ. ನಮ್ಮ ಶಿಲ್ಪಿಗಳು ಮೈ ಮೂರು ಕಡೆ ಬಾಗುವ ತ್ರಿಭಂಗಿಯಲ್ಲಿ ಕಂಡುಕೊಂಡಿದ್ದೂ ಇದನ್ನೇ. ಬೇಲೂರಿನ ಮದನಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದಿದ್ದಾಳೆ, ಒಬ್ಬಳು ಗಿಳಿಯೊಡನೆ ಮಾತಿಗಿಳಿದಿದ್ದಾಳೆ. ಕೆಲಸವಿಲ್ಲದೆ ಕೈ ಜೋತುಬಿಟ್ಟವಳು ಹುಡುಕಿದರೂ ಸಿಗುವುದು ಕಷ್ಟ.

ಇನ್ನು ಬೆಳಕು. ಪಶ್ಚಿಮದ ಕೈಪಿಡಿಗಳನ್ನು ಓದಿದ ನಮ್ಮವರು ಎಡವುವುದು ಇಲ್ಲಿಯೇ. ಎಡಿನ್‌ಬರೋ ಸುಮಾರು 56 ಡಿಗ್ರಿ ಅಕ್ಷಾಂಶದಲ್ಲಿದೆ. ಜೂನ್ ತಿಂಗಳ ನಡುಹಗಲಲ್ಲೂ ಸೂರ್ಯ ಅಲ್ಲಿ 58 ಡಿಗ್ರಿ ಮೇಲೇರುವುದಿಲ್ಲ. 13 ಡಿಗ್ರಿಯ ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯದಲ್ಲಿ ಅವನು ನೆತ್ತಿಯ ಮೇಲೇ ನಿಂತು, ನೆಟ್ಟ ಕೋಲಿಗೂ ನೆರಳಿಲ್ಲದಂತಾಗುತ್ತದೆ. ಆಗ ತೆಗೆದ ಮುಖದಲ್ಲಿ ಕಣ್ಣಿನ ಗುಳಿಗಳೆರಡೂ ಕಪ್ಪು, ಮೂಗಿನ ಕೆಳಗೊಂದು ಬೇಡದ ಮೀಸೆ. ಸಂಜೆಯ ಹೊಂಬಿಸಿಲನ್ನೇ ನಂಬೋಣವೆಂದರೆ ಅದೂ ನಮಗೆ ಕಡಿಮೆ. ಹಗಲಿರುಳು ಸಮನಾಗಿರುವ ದಿನಗಳಲ್ಲಿ ಸೂರ್ಯ ದಿಗಂತದಿಂದ ಆರು ಡಿಗ್ರಿ ಎತ್ತರದಿಂದ ಮುಳುಗುವವರೆಗೆ ಎಡಿನ್‌ಬರೋದಲ್ಲಿ ಮುಕ್ಕಾಲು ಗಂಟೆಯ ಹತ್ತಿರ ಹಿಡಿದರೆ, ಇಲ್ಲಿ ನೇರ ಜಾರಿ ಇಪ್ಪತ್ತೈದು ನಿಮಿಷದಲ್ಲಿ ಮುಗಿಸುತ್ತಾನೆ. ಆ ಇಪ್ಪತ್ತೈದು ನಿಮಿಷಕ್ಕೆ ಬೆಟ್ಟದ ತುದಿಯಲ್ಲಿ ಹತ್ತು ಜೋಡಿಗಳು ಸಾಲುಗಟ್ಟುವುದು ಬೇರೆ.

ಅದಕ್ಕಿಂತ ಜಗಲಿ ಮೇಲು. ಅಂಚಿನಿಂದ ಒಂದು ಹೆಜ್ಜೆ ಒಳಗೆ, ಮುಖ ಹೊರಗೆ ಮಾಡಿ ನಿಂತರೆ ಮೇಲಿನ ಬಿಸಿಲನ್ನು ಮಾಡು ತಡೆಯುತ್ತದೆ, ಅಂಗಳದ ಬೆಳಕು ಎದುರಿನಿಂದ ಬಂದು ಕಣ್ಣು ತುಂಬುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆಯಿದ್ದರೆ ಹಿಲ್‌ನ ಕನ್ನಡಿ ಬಿಟ್ಟಿಯಾಗಿ ಸಿಕ್ಕಂತೆ. ಕೆಮ್ಮಣ್ಣಿನ ಅಂಗಳ ಗದ್ದದ ಕೆಳಗೆ ಕೆಂಪು ಚೆಲ್ಲುತ್ತದೆ, ಅದು ಚೆಂದವೇ. ಹುಲ್ಲುಹಾಸು ಹಸಿರು ಚೆಲ್ಲಿ ಮುಖವನ್ನು ಕಾಯಿಲೆಯವರದ್ದಾಗಿಸುತ್ತದೆ. ಮರದಡಿ ನಿಲ್ಲಿಸುವಾಗ ದಟ್ಟ ನೆರಳು ಬೇಕು. ಹುಣಸೆಯಂಥ ಸಣ್ಣೆಲೆಯ ಮರದಡಿ ಕೆನ್ನೆಯ ಮೇಲೆ ಬೀಳುವ ದುಂಡು ಚುಕ್ಕೆಗಳು ಒಂದೊಂದೂ ಸೂರ್ಯನದೇ ಪುಟ್ಟ ಬಿಂಬ. ಭೌತಶಾಸ್ತ್ರದ ಮೇಷ್ಟರಿಗೆ ಅವು ಪ್ರಿಯವಾಗಬಹುದು, ವಧುವಿಗೆ ಆಗಲಾರವು.

ಮಾಲಿ ದೇಶದ ಬಮಾಕೊದಲ್ಲಿ 1948ರಿಂದ 1962ರವರೆಗೆ ಸ್ಟುಡಿಯೊ ನಡೆಸಿದ ಸೇಡು ಕೇಯ್ಟಾ ಇಂಥದೇ ಉಷ್ಣವಲಯದ ಬಿಸಿಲಿನಲ್ಲಿ, ಅಂಗಳದಲ್ಲಿ ಕೆಲಸ ಮಾಡಿದವನು. ಅವನ ಮೊದಲ ಹಿನ್ನೆಲೆ ಸ್ವಂತ ಹಾಸಿಗೆಯ ಹೊದಿಕೆ. ಬಂದವರ ಕೈಗೆ ರೇಡಿಯೊ ಕೊಡುತ್ತಿದ್ದ, ಗಡಿಯಾರ ಕಟ್ಟಿಸುತ್ತಿದ್ದ, ವೆಸ್ಪಾ ಸ್ಕೂಟರಿನ ಪಕ್ಕ ನಿಲ್ಲಿಸುತ್ತಿದ್ದ. ಫಿಲ್ಮ್ ದುಬಾರಿಯಾದ್ದರಿಂದ ಸಾಮಾನ್ಯವಾಗಿ ಒಬ್ಬರಿಗೆ ಒಂದೇ ಕ್ಲಿಕ್. ಎಲ್ಲವೂ ಏರ್ಪಾಡು, ಆದರೂ ಯಾರೂ ಬೊಂಬೆಗಳಂತೆ ಕಾಣುವುದಿಲ್ಲ. ತಾವು ಹೇಗೆ ಕಾಣಬೇಕೆಂಬುದರಲ್ಲಿ ಅವರ ಮಾತೂ ನಡೆದಿದೆ ಎಂಬುದು ಚಿತ್ರ ನೋಡಿದರೆ ತಿಳಿಯುತ್ತದೆ.

ಮೈಗೆ ಆಸರೆ ಬೇಕೆಂಬ ಈ ವಾದಕ್ಕೆ ಬಲವಾದ ಆಕ್ಷೇಪ ಡಚ್ ಛಾಯಾಗ್ರಾಹಕಿ ರಿನೇಕೆ ಡೈಕ್‌ಸ್ಟ್ರಾ ಕಡೆಯಿಂದ ಬರುತ್ತದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಆಕೆ ಕಡಲತಡಿಯಲ್ಲಿ ಹದಿಹರೆಯದವರನ್ನು ಈಜುಡುಗೆಯಲ್ಲೇ, ಒರಗಲು ಏನೂ ಇಲ್ಲದೆ ನಿಲ್ಲಿಸಿ ತೆಗೆದಳು. ಕೈ ಎಲ್ಲಿಡಬೇಕೆಂದು ತಿಳಿಯದ ಮುಜುಗರವೇ ಅಲ್ಲಿ ಚಿತ್ರದ ಜೀವ. ಆದರೆ 1992ರಲ್ಲಿ ಪೋಲೆಂಡಿನ ಕೊವೊಬ್‌ಜೆಗ್‌ನಲ್ಲಿ ತೆಗೆದ ಹುಡುಗಿಯ ಚಿತ್ರವನ್ನು ನೋಡಬೇಕು. ಮೈಗೆ ಕೊಡದ ಆಸರೆಯನ್ನು ಡೈಕ್‌ಸ್ಟ್ರಾ ಚೌಕಟ್ಟಿಗೆ ಕೊಟ್ಟಿದ್ದಾಳೆ. ಕ್ಯಾಮೆರಾ ತಗ್ಗಿನಲ್ಲಿದೆ, ಸಮುದ್ರದ ಗೆರೆ ಕೆಳಗಿದೆ, ತಲೆಯ ಸುತ್ತ ಆಕಾಶ ಬಿಟ್ಟರೆ ಇನ್ನೇನಿಲ್ಲ. ಹಗಲಲ್ಲೂ ಫ್ಲ್ಯಾಶ್ ಬಳಸಿ ಹುಡುಗಿಯನ್ನು ಹಿನ್ನೆಲೆಯಿಂದ ಬಿಡಿಸಿದ್ದಾಳೆ. ಅದೇ ಹುಡುಗಿಯನ್ನು ಎದೆಮಟ್ಟದಿಂದ ತೆಗೆದು, ದಿಗಂತದ ಗೆರೆಯನ್ನು ಕುತ್ತಿಗೆಯ ಮೂಲಕ ಹಾಯಿಸಿದ್ದರೆ ಮುಜುಗರ ಮಾತ್ರ ಉಳಿಯುತ್ತಿತ್ತು.

ಹಿನ್ನೆಲೆ ಇಷ್ಟು ಮುಖ್ಯವಾದರೂ ಮೊಬೈಲ್ ಹಿಡಿದವರು ಗಮನಿಸುವುದು ಕಡಿಮೆ. ದೂರದ ವಿಷಯವೂ ಹಾಗೆಯೇ. ಒಂದು ಅಡಿ ದೂರದಿಂದ ತೆಗೆದ ಮುಖದಲ್ಲಿ, ಐದು ಅಡಿಯಿಂದ ತೆಗೆದದ್ದಕ್ಕೆ ಹೋಲಿಸಿದರೆ, ಮೂಗು ಸುಮಾರು ಶೇ. 30ರಷ್ಟು ಅಗಲವಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಲೆಕ್ಕಾಚಾರ ತೋರಿಸಿತು. ಇದಕ್ಕೆ ಲೆನ್ಸ್ ಕಾರಣವೆಂದು ದೂರುವುದು ವಾಡಿಕೆ. ಕಾರಣ ನಿಂತ ದೂರ. ಆರೇಳು ಅಡಿ ಹಿಂದೆ ಸರಿದು ಜೂಮ್ ಮಾಡಿದರೆ ಮೂಗು ತನ್ನ ಅಳತೆಗೆ ಮರಳುತ್ತದೆ. ಹಿಂದೆ ಸರಿದವರಿಗೆ ತಲೆಯ ಹಿಂದಿನಿಂದ ಮೊಳೆತಂತಿರುವ ವಿದ್ಯುತ್ ಕಂಬವೂ ಆಗ ಕಣ್ಣಿಗೆ ಬೀಳುತ್ತದೆ, ಅರ್ಧ ಹೆಜ್ಜೆ ಪಕ್ಕಕ್ಕೆ ಜರುಗಿದರೆ ಅದು ಮರೆಯಾಗುತ್ತದೆ.