ಕಂದಕವಿಲ್ಲದ ನೆರೆ
1907ರಲ್ಲಿ ಕಾರ್ಲ್ ಹಾಗೆನ್‌ಬೆಕ್ ಜರ್ಮನಿಯ ಹ್ಯಾಂಬರ್ಗ್ ಬಳಿ ಆರಂಭಿಸಿದ ತೆರೆದ ಮೃಗಾಲಯ, ಅಂದರೆ ಸರಳುಗಳ ಬದಲು ಕಂದಕದಿಂದ ಪ್ರಾಣಿಯನ್ನು ದೂರವಿಡುವ ಏರ್ಪಾಡು, ಪಂಜರವನ್ನು ಕಣ್ಣಿಗೆ ಮರೆಮಾಡಿತೇ ಹೊರತು ನೋಡುವವರ ಮೇಲೆ ಯಾವ ಹೊಣೆಯನ್ನೂ ಹೊರಿಸಲಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಆ ಹೊಣೆ ತಪ್ಪಿಸಿಕೊಳ್ಳಲಾಗದ್ದು: 2007ರಲ್ಲಿ ಸಂರಕ್ಷಣಾ ಮೀಸಲು, ಎಂದರೆ ಸ್ಥಳೀಯರೊಡನೆ ಸಮಾಲೋಚಿಸಿ ವನ್ಯಜೀವಿಗಳಿಗೆ ಕಾಯ್ದಿರಿಸಿದ ಸರ್ಕಾರಿ ಭೂಮಿ, ಎಂದು ಘೋಷಿತವಾದ ಈ ಬಯಲಿನಲ್ಲಿ ಸುರುಳಿಗೊಂಬಿನ ಗಂಡು ಕೃಷ್ಣಮೃಗವು ಹಿಕ್ಕೆಯ ಗುಡ್ಡೆಗಳಿಂದ ತನ್ನ ಎಲ್ಲೆಯನ್ನು ಗುರುತಿಸಿಕೊಳ್ಳುತ್ತದೆಯಾದರೂ ಹಿಂಡು ಹೊಲದ ಬದುವಿಗೆ ನಿಲ್ಲದೆ ಬೆಳೆಗೂ ಬಾಯಿಹಾಕುತ್ತದೆ, ಆ ನಷ್ಟ ಹೊರುವ ರೈತನನ್ನು ಬಿಟ್ಟು ಪ್ರಾಣಿದಯೆಯ ಮಾತಾಡುವುದು ಅನ್ಯಾಯವೇ ಸರಿ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಂತೂ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ, ಹಿಕ್ಕೆಯ ನಾತವನ್ನು ಸಹಿಸಿಕೊಂಡೇ ಊರವರು ಅವುಗಳನ್ನು ಕಾಯುತ್ತಾರೆ.