ಹಳದಿ ಎಲೆಗೆಲ್ಲ ಒಂದೇ ಎಣ್ಣೆಯೇ?

ಇಂಡಿ ಲಿಂಬೆಗೆ ಜಿಐ ಟ್ಯಾಗ್ ಬಂತು. ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಆದರೆ ಗಿಡದ ಎಲೆ ಹಳದಿಯಾದಾಗ ನಮ್ಮ ರೈತರು ಮೊದಲು ಹೋಗುವುದು ಗೊಬ್ಬರದ ಅಂಗಡಿಗೆ. ಅಂಗಡಿಯವರು ಗಿಡ ನೋಡಿರುವುದಿಲ್ಲ, ಮಣ್ಣೂ ನೋಡಿರುವುದಿಲ್ಲ. ಒಂದು ಕೀಟನಾಶಕ, ಒಂದು ಟಾನಿಕ್, ಒಂದು ಪುಡಿ ಕೊಡುತ್ತಾರೆ. ಮೂರನ್ನೂ ಒಂದೇ ಪಂಪಿಗೆ ಸುರಿದು ಹೊಡೆಯುತ್ತೇವೆ. ಇದಕ್ಕೆ ನಾವು ಉಪಚಾರ ಅನ್ನುವುದಿಲ್ಲ, ವ್ಯಾಪಾರ ಅನ್ನುತ್ತೇವೆ.

ಹಳದಿ ಎಲೆಗೆ ಕಾರಣ ಹಲವು. ಹಳೆ ಎಲೆ ಪೂರ್ತಿ ಹಳದಿಯಾದರೆ ಸಾರಜನಕ ಸಾಲದು. ಹೊಸ ಎಲೆ ಸಣ್ಣದಾಗಿ, ನರ ಹಸಿರಿದ್ದು ನಡುವೆ ಹಳದಿಯಾದರೆ ಸತುವಿನ ಕೊರತೆ. ಹೊಸ ಎಲೆಯ ಗಾತ್ರ ಸರಿಯಿದ್ದು ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ಹೊಲದಲ್ಲಿ ಇದು ಸಾಮಾನ್ಯ. ಬುಡದಲ್ಲಿ ನೀರು ನಿಂತು ಕಾಂಡದಿಂದ ಅಂಟು ಸೋರುತ್ತಿದ್ದರೆ ಕೊಳೆ ರೋಗ. ನಡುನರದ ಎರಡು ಬದಿಗೆ ಒಂದಕ್ಕೊಂದು ಹೋಲದ ಹಳದಿ ಮಚ್ಚೆ ಇದ್ದರೆ ಗ್ರೀನಿಂಗ್ ರೋಗದ ಸಂಶಯ. ಸಿಲ್ಲಾ ಕೀಟ ಹರಡುವ ಈ ರೋಗವನ್ನು ಗುಣ ಮಾಡುವ ಎಣ್ಣೆ ಯಾವ ಅಂಗಡಿಯಲ್ಲೂ ಇಲ್ಲ. ಹೀಗಿರುವಾಗ ಎಲ್ಲಕ್ಕೂ ಅದೇ ಬಾಟಲಿ ಹೇಗೆ ನಾಟುತ್ತದೆ?

ಕಜ್ಜಿ ರೋಗದ ಕಥೆಯೂ ಅಷ್ಟೇ. ಕಾಯಿಗೆ ಕಜ್ಜಿ ಬಂದರೆ ರೇಟು ಬೀಳುತ್ತದೆ. ಇದು ಬ್ಯಾಕ್ಟೀರಿಯಾದ ರೋಗ, ಕೀಟನಾಶಕಕ್ಕೆ ಸಾಯುವುದಿಲ್ಲ. ಎಲೆ ಸುರಂಗ ಕೀಟ ಚಿಗುರಿನಲ್ಲಿ ಮಾಡಿದ ಗಾಯದಿಂದ ಒಳಗೆ ಸೇರುತ್ತದೆ. ಮಳೆಗಾಲಕ್ಕೆ ಮೊದಲು ಕಜ್ಜಿ ಹತ್ತಿದ ಟೊಂಗೆ ಕತ್ತರಿಸಿ ಸುಡಬೇಕು, ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸಿಂಪಡಿಸಬೇಕು. ಕೀಟವನ್ನು ಕಾಯಬೇಕಾದದ್ದು ಚಿಗುರು ಬಂದಾಗ. ಹೊತ್ತಲ್ಲದ ಹೊತ್ತಿನಲ್ಲಿ ಎಣ್ಣೆ ಹೊಡೆದರೆ ಸಿಲ್ಲಾವನ್ನು ತಿನ್ನುವ ಗುಲಗಂಜಿ ಹುಳುಗಳೂ ಸಾಯುತ್ತವೆ.

ಕಳೆಗೂ ಅವಸರ ಬೇಡ. ಲಿಂಬೆಯ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಇರುತ್ತವೆ. ಬುಡದ ಹತ್ತಿರ ಆಳವಾಗಿ ರೋಟವೇಟರ್ ಹೊಡೆದರೆ ಅವು ಕತ್ತರಿಸುತ್ತವೆ. ಕಳೆನಾಶಕ ಎಳೆ ಗಿಡದ ಹಸಿರು ತೊಗಟೆಗೆ ತಾಗಿದರೆ ಗಿಡಕ್ಕೇ ಪೆಟ್ಟು. ಕಳೆ ಕೊಯ್ದು ಪಾತಿಯಲ್ಲೇ ಹಾಸಿದರೆ ತೇವ ಉಳಿಯುತ್ತದೆ.

ಅಂಗಡಿಯವರೆಲ್ಲ ಮೋಸಗಾರರು ಎಂದು ನಾವು ಹೇಳುತ್ತಿಲ್ಲ. ಸಾಲ ಕೊಡುವವರೂ ಅವರೇ ಆದರೆ ರೈತ ಬೇಡ ಅನ್ನುವುದು ಹೇಗೆ? ತೋಟಕ್ಕೆ ಬಂದು ಎಲೆ ತಿರುವಿ ನೋಡುವ ಸರಕಾರಿ ಸಿಬ್ಬಂದಿ ಇಲ್ಲದ ಜಾಗದಲ್ಲಿ ಅವರು ಕೂತಿದ್ದಾರೆ. ಆ ಜಾಗ ತುಂಬುವುದು ತೋಟಗಾರಿಕೆ ಇಲಾಖೆಯ ಕೆಲಸ, ಮಂಡಳಿಯ ಕೆಲಸ. ಚಿಗುರು ಬರುವ ಕಾಲಕ್ಕೆ ಊರಿಗೊಂದು ದಿನ ಗೊತ್ತು ಮಾಡಿ ತಜ್ಞರು ತೋಟಕ್ಕೇ ಬರಲಿ. ಮಣ್ಣು, ಎಲೆ ಪರೀಕ್ಷೆಯ ಫಲಿತಾಂಶ ರೈತರಿಗೆ ತಿಳಿಯುವ ಕನ್ನಡದಲ್ಲಿ ಸಿಗಲಿ. ಸಭೆ, ಸನ್ಮಾನ, ಬ್ಯಾನರ್ ಆಮೇಲೆ ನೋಡೋಣ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದನ್ನು ನಾವು ಬಿಡಬಾರದು. ಬಾಟಲಿಯ ಚೀಟಿ ಓದೋಣ, ಓದಲು ಬಾರದಿದ್ದರೆ ಮಕ್ಕಳಿಂದ ಓದಿಸೋಣ. ಅದರಲ್ಲಿ ಲಿಂಬೆಯ ಹೆಸರಿಲ್ಲದಿದ್ದರೆ ಕೊಳ್ಳುವುದು ಬೇಡ. ಕೆಂಪು ತ್ರಿಕೋನ ಅಂದರೆ ಅತಿ ಘೋರ ವಿಷ, ನೆನಪಿರಲಿ. ಸಾಲಕ್ಕೆ ತಂದರೂ ಬಿಲ್ ಕೇಳಿ. ಬಿಲ್ ಇಲ್ಲದಿದ್ದರೆ ನಾಳೆ ಗಿಡ ಒಣಗಿದಾಗ ಯಾರ ಮುಂದೆ ಏನು ತೋರಿಸುತ್ತೀರಿ?